ಮಂಗಳಿಯ ಪರಧ್ಯಾನ

ಮಂಗಳಿಯ ಲಟ್ಟಣಿಗೆ ಮೂರನೆಯ ಸಲ ನನ್ನ ಅಡುಗೆಮನೆಗೆ ಬಂದು ಬಿದ್ದಾಗ ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದೆ. ಮೊರದ ಪಕ್ಕದಲ್ಲಿ ಟಪ್ಪೆಂದು ಸದ್ದಾಯಿತು. ನೋಡಿದರೆ ಹಿಡಿಗೆ ಕೆಂಪು ದಾರ ಸುತ್ತಿದ, ಉದ್ದಿನ ಹಿಟ್ಟು ಮೆತ್ತಿಕೊಂಡಿದ್ದ, ನನ್ನ ತಂಗಿಯ ಲಟ್ಟಣಿಗೆ. ಎತ್ತಿ ಒರೆಸಿ, ಮೊದಲು ಬಂದಿದ್ದ ಎರಡರ ಜೊತೆ ಅಟ್ಟದ ಮೇಲಿಟ್ಟೆ. ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿರುವ ತಂಗಿಯ ಸಾಮಾನು ನಮ್ಮ ಮನೆಯಲ್ಲಿದೆ ಎಂದು ಯಾವ ಬಾಯಿಂದ ಹೇಳುವುದು?

ನಮ್ಮೂರು ಹೀಗೆಯೇ. ಕೆಲಸ ಮಾಡುವಾಗ ಮನಸ್ಸು ಬೇರೆ ಕಡೆ ಹೋದರೆ ಕೈಯಲ್ಲಿದ್ದದ್ದೂ ಅದರ ಹಿಂದೆಯೇ ಹೊರಟುಬಿಡುತ್ತದೆ. ಸಾರು ಕದಡುತ್ತಾ ತವರುಮನೆ ನೆನಪಾಯಿತೋ, ಸೌಟು ತವರುಮನೆಯಲ್ಲಿ. ಕೈ ಬರಿದಾದ ಮೇಲೆಯೇ ಮನಸ್ಸು ಹೋಗಿತ್ತು ಎಂದು ತಿಳಿಯುವುದು. ಎಲ್ಲಿಗೆ ಹೋಗಿತ್ತು ಎನ್ನುವುದು, ವಸ್ತು ಸಿಕ್ಕುವ ತನಕ ಕಳೆದುಕೊಂಡವರಿಗೇ ಗೊತ್ತಿರುವುದಿಲ್ಲ. ಇದಕ್ಕೆ ಪರಧ್ಯಾನ ಎಂದು ಹೆಸರು. ಹಾಗೆ ಬಂದು ಬಿದ್ದ ವಸ್ತುವಿಗೂ ಅದೇ ಹೆಸರು. "ನಿಮ್ಮ ಪರಧ್ಯಾನ ನಮ್ಮನೇಲೈತೆ, ಬಂದು ತಗೊಂಡೋಗಿ" ಎಂದು ಬೇಲಿಯಾಚೆಯಿಂದ ಕೂಗಿದರೆ, ಕೂಗಿಸಿಕೊಂಡವರು ಸ್ವಲ್ಪ ನಾಚಿಕೊಂಡು ಬಂದು ತೆಗೆದುಕೊಂಡು ಹೋಗುತ್ತಿದ್ದರು. ಯಾಕೆ ಬಂತು ಎಂದು ಕೇಳುವ ಹಾಗಿಲ್ಲ. ಪಾತ್ರೆಯಾದರೆ ಬರಿದು ಕಳಿಸುವ ಹಾಗೂ ಇಲ್ಲ, ಒಂದು ಹಿಡಿ ಹುರಿಗಡಲೆಯನ್ನಾದರೂ ಹಾಕಿ ಕೊಡಬೇಕು. ಮಗಳನ್ನು ಊರೊಳಗೇ ಕೊಟ್ಟವರ ಮನೆಯಲ್ಲಿ ಮೊದಲ ಆರು ತಿಂಗಳು ಒಂದು ಚಮಚವೂ ನಿಲ್ಲುವುದಿಲ್ಲ. ಬೀಗರು ಅದಕ್ಕೆಂದೇ ಒಲೆಯ ಪಕ್ಕದಲ್ಲಿ ಬುಟ್ಟಿಯೊಂದನ್ನು ಇಟ್ಟುಕೊಳ್ಳುತ್ತಾರೆ. ಕ್ಷೌರದಂಗಡಿಯ ತಿಮ್ಮರಾಯಿ ಕತ್ತಿ ಹಿಡಿದನೆಂದರೆ "ಗಲ್ಲ, ಗಲ್ಲ, ಗಲ್ಲ" ಎಂದು ಬಾಯಲ್ಲಿ ಹೇಳುತ್ತಲೇ ಇರುತ್ತಾನೆ. ನಮ್ಮ ಯಜಮಾನರ ಹಲ್ಲುಜ್ಜುವ ಬ್ರಷ್ಷು ವಾರಕ್ಕೆ ಎರಡು ಸಲವಾದರೂ ಇಸ್ಪೀಟಿನ ಕಟ್ಟೆಯ ಮೇಲೆ ಸಿಗುತ್ತದೆ. ನಾನು ಹೋಗಿ ತರುತ್ತೇನೆ, ಬೈಯುತ್ತೇನೆ, ಅಲ್ಲಿಗೆ ಮುಗಿಯಿತು.

ಇಷ್ಟು ಸುಖವಾಗಿದ್ದ ಊರಿಗೆ ಆರಾಧ್ಯ ಮೇಷ್ಟ್ರು ಶಿಸ್ತು ತಂದರು. ಅವರು ನನಗೂ ಮಂಗಳಿಗೂ ಪಾಠ ಹೇಳಿದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಸರವಾಗಿ, ನಮ್ಮ ಮಹಿಳಾ ಹಪ್ಪಳ ಸಂಘಕ್ಕೆ ಬಂದು ಕುರ್ಚಿ ಹಾಕಿಕೊಂಡರು. ಮಹಿಳಾ ಸಂಘದಲ್ಲಿ ಗಂಡಸಿಗೇನು ಕೆಲಸ ಎಂದು ಕೇಳಬೇಡಿ. ಅಧ್ಯಕ್ಷೆ ಅವರ ಹೆಂಡತಿ ಗಂಗಾಂಬಿಕಮ್ಮ. ಆ ಅಮ್ಮ ಮೇಷ್ಟ್ರು ಹೇಳಿದ್ದನ್ನು ಬರೆಯುತ್ತಿದ್ದರು, ಬರೆದದ್ದನ್ನು ಓದುತ್ತಿದ್ದರು, ಓದಿದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಅವರ ಸ್ವಂತ ಮಾತನ್ನು ನಾವು ಯಾರೂ ಕೇಳಿದ್ದಿಲ್ಲ.

ನಲವತ್ತು ವರ್ಷಗಳಲ್ಲಿ ತಮ್ಮ ಒಂದು ವಸ್ತುವೂ ಎಲ್ಲಿಗೂ ಹೋಗಿಲ್ಲ ಎನ್ನುವುದು ಮೇಷ್ಟ್ರ ಹೆಮ್ಮೆ. ನಿಜ, ಹೋಗಿಲ್ಲ. ಆದರೆ ಅವರು ಕೈಯಲ್ಲಿ ಏನನ್ನೂ ಹಿಡಿಯುವುದಿಲ್ಲ ಎನ್ನುವುದನ್ನು ನಾನು ಬಹಳ ದಿನದಿಂದ ನೋಡಿಕೊಂಡು ಬಂದಿದ್ದೇನೆ. ಚೀಲ ಹೆಂಡತಿಯ ಕೈಯಲ್ಲಿ, ಕೊಡೆ ಹೆಂಡತಿಯ ಕೈಯಲ್ಲಿ, ಲೇಖನಿಯೂ ಹೆಂಡತಿಯ ಕೈಯಲ್ಲಿ. ಮೇಷ್ಟ್ರ ಎರಡೂ ಕೈ ಬೆನ್ನ ಹಿಂದೆ.

ಅವರು ಬಂದ ಹದಿನೈದೇ ದಿನಕ್ಕೆ ಗೋಡೆಯ ಮೇಲೆ 'ಇಲ್ಲಿ ಪರಧ್ಯಾನವನ್ನು ನಿಷೇಧಿಸಲಾಗಿದೆ' ಎಂಬ ಬೋರ್ಡು ಬಂತು. ಒಂದು ದಪ್ಪ ರಿಜಿಸ್ಟರೂ ಬಂತು. ಹೆಸರು, ಹೋದ ವಸ್ತು, ಎಲ್ಲಿಗೆ ಹೋಯಿತು, ಹೀಗೆ ಮೂರು ಕಾಲಂ. ಲಟ್ಟಿಸುವವಳ ಕೈ ಬರಿದಾದದ್ದು ಕಂಡರೆ ಬರೆದುಕೊಳ್ಳುವುದು. ಯಾರ ಮನೆಗೆ ಬಂದು ಬಿತ್ತೋ ಅವರು ತಂದು ಒಪ್ಪಿಸಬೇಕು. ಮೂರು ಸಲವಾದರೆ ಭಾನುವಾರದ ಸಭೆಯಲ್ಲಿ ಹೆಸರು ಕೂಗಿ, ಸಂಘದಿಂದ ಹೊಡೆದುಹಾಕುವುದು. ಮೊದಲ ತಿಂಗಳಲ್ಲೇ ಇಬ್ಬರು ಹೋದರು. ಉಳಿದವರು ಹೆದರಿ, ತಿಮ್ಮರಾಯಿಯ ಹಾಗೆ, "ಹಿಟ್ಟು, ಹಿಟ್ಟು, ದುಂಡು, ದುಂಡು" ಎಂದು ಗೊಣಗುತ್ತಾ ಲಟ್ಟಿಸತೊಡಗಿದರು. ಮಕ್ಕಳು, ಗಂಡ, ಸಾಲದ್ದಕ್ಕೆ ಪಕ್ಕದ ಮನೆಯವರ ಜಗಳ, ಎಲ್ಲವನ್ನೂ ಮಾತಾಡಿಕೊಂಡು ನಗುತ್ತಿದ್ದ ಹಜಾರದಲ್ಲಿ ಈಗ ಹಿಟ್ಟಿನ ಜಪವೊಂದೇ ಕೇಳುತ್ತಿತ್ತು. ನಾನು ಮಧ್ಯಾಹ್ನದ ಪಾಳಿಯವಳು. ಮಂಗಳಿ ಬೆಳಗಿನ ಪಾಳಿ. ನಾವಿಬ್ಬರೂ ಎದುರಾಗಬಾರದೆಂದು ಹನ್ನೊಂದು ವರ್ಷದ ಹಿಂದೆಯೇ ಅವಳು ಪಾಳಿ ಬದಲಿಸಿಕೊಂಡಿದ್ದಳು.

ಆ ರಿಜಿಸ್ಟರಿನ ಮೊದಲ ಪುಟದಲ್ಲಿ ಮೇಷ್ಟ್ರು ಒಂದು ಹಳೆಯ ಸಂಗತಿಯನ್ನು ಬರೆಸಿದ್ದರು. ಹೆಸರು: ಸರ್ವಮಂಗಳಾ. ಹೋದ ವಸ್ತು: ಚೊಂಬು. ಎಲ್ಲಿಗೆ ಹೋಯಿತು: ಖಾಲಿ. ಊರಿಗೆಲ್ಲ ಗೊತ್ತಿರುವ ಕಥೆ ಅದು. ನಮ್ಮ ಅವ್ವ ಸಾಯುವಾಗ ಮಂಗಳಿ ಒಬ್ಬಳೇ ಹತ್ತಿರವಿದ್ದಳು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತಿದ್ದರು. ಅವ್ವ ಬಾಯಿ ತೆರೆದಳಂತೆ. ಮಂಗಳಿ ತುಳಸಿ ನೀರಿನ ಚೊಂಬನ್ನು ಬಾಯ ಹತ್ತಿರ ಹಿಡಿದಳಂತೆ. ಬಗ್ಗಿಸುವಷ್ಟರಲ್ಲಿ ಕೈಯಲ್ಲಿ ಚೊಂಬಿಲ್ಲ. ಅವ್ವ ತೆರೆದ ಬಾಯಲ್ಲೇ ಹೋದಳು. "ಹೆತ್ತ ತಾಯಿ ಬಾಯಿಗೆ ನೀರು ಬಿಡೋ ಹೊತ್ನಲ್ಲಿ ಎಲ್ಲಿತ್ತೇ ನಿನ್ ಗ್ಯಾನ?" ಎಂದು ಬಾಗಿಲಲ್ಲಿದ್ದವರು ಕೇಳಿದರು. ಅವಳು ಗೊತ್ತಿಲ್ಲ ಎಂದಳು. ಚೊಂಬು ಯಾರ ಮನೆಯಲ್ಲೂ ಸಿಗಲಿಲ್ಲ. ಸಿಗದಿದ್ದ ಮೇಲೆ ಊರು ಸುಮ್ಮನಿರುತ್ತದೆಯೇ? ಕರೆಂಟಿನ ಕೆಲಸದ ಸದಾಶಿವನ ರೂಮಿಗೆ ಹೋಗಿರಬೇಕು ಎಂದು ತಾನೇ ತೀರ್ಮಾನಿಸಿತು. ಆ ಬಡಪಾಯಿ ಮಾತು ತಾಳಲಾರದೆ ಊರು ಬಿಟ್ಟ. ಮಂಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಇವತ್ತಿಗೆ ಅವಳಿಗೆ ನಲವತ್ತೈದು. ಒಬ್ಬಳೇ ಇದ್ದಾಳೆ.

ಈಗ ನಾನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆ ಚೊಂಬು ನಮ್ಮ ಮನೆಗೆ ಬಂದಿತ್ತು.

ಅವ್ವ ಹಾಸಿಗೆ ಹಿಡಿದ ಮೇಲೆ ಮಂಗಳಿ ಮೂರು ಸಲ ಹೇಳಿ ಕಳಿಸಿದ್ದಳು, ಬಾ ಎಂದು. ನಾನು ಹೋಗಿರಲಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ. ಒಬ್ಬಟ್ಟಿನ ಊಟದ ದಿನ ಅವ್ವ ನೆಂಟರೆಲ್ಲರ ಎದುರಿಗೆ, "ಹಪ್ಪಳ ಅಂದ್ರೆ ಮಂಗಳಿದು. ದಾಕ್ಷಾಯಣೀದು ಚಪ್ಲಿ ಅಟ್ಟೆ" ಎಂದಿದ್ದಳು. ಎಲ್ಲರೂ ನಕ್ಕರು, ಮಂಗಳಿಯೂ ನಕ್ಕಳು. ಆ ನಗುವನ್ನು ನಾನು ಎಂಟು ತಿಂಗಳು ಹೊಟ್ಟೆಯೊಳಗೆ ಕಾಯಿಸಿಕೊಂಡು ಕೂತಿದ್ದೆ. ನಾಳೆ ಹೋದರಾಯಿತು, ಅವ್ವ ಗಟ್ಟಿಯಾಗೇ ಇದ್ದಾಳೆ ಎಂದುಕೊಂಡೆ. ಆ ದಿನ ಮಧ್ಯಾಹ್ನ ಖಾರ ಕುಟ್ಟಿ ಗಂಟಲು ಉರಿಯುತ್ತಿತ್ತು. ಒರಳಿನ ಪಕ್ಕದಲ್ಲಿ ಒಂದು ಚೊಂಬು ಬಂದು ಕೂತಿತು. ಯಾವ ಪುಣ್ಯಾತ್ಗಿತ್ತಿಯ ಪರಧ್ಯಾನವೋ ಎಂದು ಎತ್ತಿದೆ. ಆಮೇಲೆ ಅಂಚಿನ ನೆಗ್ಗು ಕಂಡಿತು. ಏಳು ವರ್ಷದವಳಿದ್ದಾಗ ನಾನೇ ಬಾವಿಕಟ್ಟೆಯ ಮೇಲೆ ಬೀಳಿಸಿ ಮಾಡಿದ ನೆಗ್ಗು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಓಡಿ ಬರುವ ಸದ್ದಾಯಿತು. ನಾನು ಚೊಂಬನ್ನು ಅಟ್ಟಕ್ಕೆ ಏರಿಸಿ ಬಾಗಿಲಿಗೆ ಬಂದೆ.

ತಂದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಂಗಳಿಯ ಮನಸ್ಸು ಅಕ್ಕ ಇನ್ನೂ ಬರಲಿಲ್ಲವಲ್ಲ ಎಂದು ನನ್ನ ಬಾಗಿಲಿಗೆ ಬಂದಿತ್ತು ಎನ್ನುವುದು ಎಲ್ಲರಿಗೂ ತಿಳಿಯುತ್ತಿತ್ತು. ಹಾಗೆಯೇ ದೊಡ್ಡ ಮಗಳು ಮೂರು ಬೀದಿಯಾಚೆ ಆರಾಮವಾಗಿ ಖಾರ ಕುಟ್ಟುತ್ತಿದ್ದಳು ಎನ್ನುವುದೂ ತಿಳಿಯುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಸಾಲದು ಎಂಬಂತೆ, ಹೆಣದ ಮುಂದೆ ನಾನೂ ಅವಳನ್ನು ಕೇಳಿದೆ, ನಿನ್ನ ಗ್ಯಾನ ಎಲ್ಲಿತ್ತೇ ಎಂದು. ಅವಳು ಮಾತು ಬಿಟ್ಟದ್ದು ಆ ಮಾತಿಗೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ, ಇದನ್ನು ಹೇಳುವಾಗಲೂ.

ಮೂರನೆಯ ಲಟ್ಟಣಿಗೆ ಬಂದ ದಿನ ಸಂಜೆ ರುದ್ರಾಣಮ್ಮ ನಮ್ಮ ಮನೆಗೆ ಬಂದಳು. ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು, ಎಪ್ಪತ್ತು ದಾಟಿದೆ, ನಾಲಿಗೆ ಮಾತ್ರ ಹದಿನೆಂಟರದು.

"ನಿನ್ ತಂಗೀದು ಮೂರಾಯ್ತು ಕಣೇ ದಾಕ್ಷಿ. ಭಾನುವಾರ ಹೊಡೆದಾಕ್ತಾರಂತೆ" ಎಂದಳು.

"ಎಲ್ಲಿಗೆ ಹೋಯ್ತಂತೆ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಯಾರೂ ತಂದುಕೊಟ್ಟಿಲ್ಲ. ಮೂರೂ ಖಾಲಿ. ಚೊಂಬು ಹೋದ ಕಡೀಕೇ ಇವೂ ಹೋಗಿರ್ತವೆ, ಹೊಸಾ ಕರೆಂಟಿನವನು ಬಂದವ್ನಲ್ಲ ಅಂತ ಆಗ್ಲೇ ಶುರು ಹಚ್ಕೊಂಡವ್ರೆ. ಮೇಷ್ಟ್ರು ಅವ್ಳನ್ನ ಮುಂದೆ ನಿಲ್ಸಿ, ನಿಮ್ಮವ್ವನ ಕತೇನೂ ಓದಿಸ್ತಾರಂತೆ, ಎಲ್ರಿಗೂ ಬುದ್ಧಿ ಬರ್ಲಿ ಅಂತ."

"ಅವಳೇನಂದ್ಲು?"

"ಅವಳೇನಂತಾಳೆ? ನಂಗೆ ಗೊತ್ತಿಲ್ಲ ಅಂದ್ಲು. ಅವತ್ತೂ ಅದೇ, ಇವತ್ತೂ ಅದೇ. ಗೊತ್ತಿಲ್ದೇ ಇರೋದ್ನ ಏನಂತ ಹೇಳ್ತಾಳೆ, ಮುಂಡೇದು."

ರುದ್ರಾಣಮ್ಮ ಹೋದ ಮೇಲೆ ನಾನು ಅನ್ನಕ್ಕಿಟ್ಟು ಅದನ್ನು ಸೀಯಿಸಿದೆ. ಸಂಘ ಬಿಟ್ಟರೆ ಒಂಟಿ ಹೆಂಗಸಿಗೆ ನಮ್ಮೂರಲ್ಲಿ ಬೇರೆ ದುಡಿಮೆಯಿಲ್ಲ. ಹೆಸರು ಕೆಟ್ಟವಳನ್ನು ಯಾರ ಮನೆಯ ಕೆಲಸಕ್ಕೂ ಕರೆಯುವುದಿಲ್ಲ. ಮಂಗಳಿ ಊರು ಬಿಡಬೇಕಾಗುತ್ತದೆ. ಒಮ್ಮೆ ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಅವಳ ಸಂಸಾರ ಹೋಯಿತು. ಎರಡನೆಯ ಸಲ ಮುಚ್ಚಿಕೊಂಡರೆ ಊರೂ ಹೋಗುತ್ತದೆ. ಅಷ್ಟರ ಮೇಲೂ ಅವಳ ಮನಸ್ಸು ಬರುತ್ತಿದ್ದದ್ದು ಎಲ್ಲಿಗೆ? ನನ್ನ ಅಡುಗೆಮನೆಗೆ. ನನಗೆ ಅಳು ಬರಲಿಲ್ಲ, ರೋಷ ಬಂತು. ಮೊದಲು ನನ್ನ ಮೇಲೆ, ಆಮೇಲೆ ಆ ಬೋರ್ಡಿನ ಮೇಲೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಜಾರ ತುಂಬಿತ್ತು. ಎರಡೂ ಪಾಳಿಯವರು, ಜೊತೆಗೆ ತಮಾಷೆ ನೋಡಲು ಬಂದ ಗಂಡಸರು ಕಿಟಕಿಯ ಹತ್ತಿರ. ಮಂಗಳಿ ಮುಂದೆ ನಿಂತಿದ್ದಳು, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಯಾರನ್ನೂ ನೋಡದೆ. ಕೂದಲು ಅಷ್ಟೊಂದು ಬೆಳ್ಳಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಗಂಗಾಂಬಿಕಮ್ಮ ರಿಜಿಸ್ಟರು ಬಿಚ್ಚಿಕೊಂಡು ಕೂತಿದ್ದರು. ಮೇಷ್ಟ್ರು ಎದ್ದು ನಿಂತು, ತರಗತಿಯಲ್ಲಿ ಮಾಡುತ್ತಿದ್ದಂತೆ, ಪದದ ಅರ್ಥದಿಂದಲೇ ಶುರು ಮಾಡಿದರು.

"ಪರಧ್ಯಾನ ಎಂದರೇನು? ಲಕ್ಷ್ಯವಿಲ್ಲದಿರುವುದು. ಬುದ್ಧಿ ತನ್ನ ಸ್ಥಾನದಲ್ಲಿ ಇಲ್ಲದಿರುವುದು. ಕರ್ತವ್ಯದಲ್ಲಿ ಶ್ರದ್ಧೆ ಇಲ್ಲದಿರುವುದು. ಅದರಿಂದ ಏನಾಗುತ್ತದೆ ಎನ್ನುವುದಕ್ಕೆ ಈಕೆಯೇ ಉದಾಹರಣೆ. ಅಧ್ಯಕ್ಷರು ಮೊದಲ ಪುಟವನ್ನು ಓದಬೇಕು."

ಗಂಗಾಂಬಿಕಮ್ಮ ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ನಾನು ಎದ್ದೆ.

"ಓದೋದು ಆಮೇಲೆ. ಮೊದ್ಲು ಅದ್ರಲ್ಲಿ ಖಾಲಿ ಬಿಟ್ಟಿರೋದ್ನ ತುಂಬಿ" ಎಂದೆ. ಚೀಲದಿಂದ ಚೊಂಬನ್ನು ತೆಗೆದು ಮೇಜಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ಮೂರು ಲಟ್ಟಣಿಗೆಗಳನ್ನು ಇಟ್ಟೆ. "ಎಲ್ಲಿಗೆ ಹೋಯಿತು ಅನ್ನೋ ಕಡೆ ಬರೀರಿ. ಅಕ್ಕನ ಮನೆಗೆ. ನಾಲ್ಕಕ್ಕೂ ಅದೇ ಬರೀರಿ."

ಮಂಗಳಿ ಚೊಂಬನ್ನು ನೋಡಿದಳು. ನನ್ನ ಕಡೆ ತಿರುಗಲಿಲ್ಲ.

ಮೇಷ್ಟ್ರು ಸಾವರಿಸಿಕೊಂಡರು. "ದಾಕ್ಷಾಯಣೀ, ಬಂದ ವಸ್ತುವನ್ನು ಬಚ್ಚಿಟ್ಟದ್ದು ದೊಡ್ಡ ಅಪರಾಧ. ನಿನ್ನ ಹೆಸರನ್ನೂ ಹೊಡೆಯಬೇಕಾಗುತ್ತದೆ."

"ಹೊಡೀರಿ ಮೇಷ್ಟ್ರೇ. ಹನ್ನೊಂದು ವರ್ಷದ ಹಿಂದೇನೇ ಹೊಡೀಬೇಕಿತ್ತು. ಎಲ್ಲಾರೂ ನನ್ನ ಮುಖಕ್ಕೆ ಉಗೀರಿ, ಉಗಿಸ್ಕೊಳ್ಳೋಕೇ ಬಂದಿರೋದು. ಆದ್ರೆ ಅದಕ್ಕೆ ಮುಂಚೆ ನೀವು ಆ ಪದ ಬಿಡಿಸಿ ಹೇಳಿ. ನೀವೇ ಕಲಿಸಿದ್ದು ಬಿಡಿಸೋದ್ನ. ಪರ ಅಂದ್ರೇನು?"

"ಪರ ಎಂದರೆ... ಅನ್ಯ. ಬೇರೆಯವರು."

"ಧ್ಯಾನ ಅಂದ್ರೆ?"

ಮೇಷ್ಟ್ರು ಗೋಡೆಯ ಬೋರ್ಡಿನ ಕಡೆ ತಿರುಗಿದರು.

"ನಾನೇ ಹೇಳ್ತೀನಿ. ಧ್ಯಾನ ಅಂದ್ರೆ ಧ್ಯಾನ. ದೇವ್ರ ಮುಂದೆ ಕಣ್ಮುಚ್ಚಿ ಕೂತ್ಕೊಂಡು ನೀವು ಮಾಡ್ತೀರಲ್ಲ, ಅದು. ಪರಧ್ಯಾನ ಅಂದ್ರೆ ಬೇರೆಯವ್ರ ಧ್ಯಾನ. ಇದ್ರಲ್ಲಿ 'ಇಲ್ಲ' ಅನ್ನೋದು ಎಲ್ಲೈತೆ ಮೇಷ್ಟ್ರೇ? ನೀವು ಮೂರು ಸಲ ಇಲ್ಲ, ಇಲ್ಲ, ಇಲ್ಲ ಅಂದ್ರಲ್ಲ, ಆ ಪದದೊಳಗೆ ಎಲ್ಲೈತೆ ತೋರಿಸಿ. ಇವಳಿಗೆ ಗ್ಯಾನ ಇರ್ಲಿಲ್ಲ ಅಂತ ಊರೆಲ್ಲಾ ಆಡ್ಕೊಂಡ್ರಿ, ನಾನೂ ಆಡ್ದೆ. ಗ್ಯಾನ ಇತ್ತು ಕಣ್ರೀ! ಸಾಯೋಳ ಹತ್ರ ಕೂತ್ಕೊಂಡು, ಬರದೇ ಇರೋಳ್ನ ನೆನೆಸ್ಕೊಂಡಿತ್ತು. ಗ್ಯಾನ ಇಲ್ದೇ ಇದ್ದದ್ದು ನಂಗೆ. ನನ್ನ ಕೈಲಿದ್ದ ಒನಕೆ ಅವತ್ತು ಎಲ್ಲೂ ಹೋಗ್ಲಿಲ್ಲ. ಅಷ್ಟು ಲಕ್ಷ್ಯ ಕೊಟ್ಟು ಖಾರ ಕುಟ್ತಿದ್ದೆ ನಾನು. ನಿಮ್ಮ ಲೆಕ್ಕದಲ್ಲಿ ನನಗೆ ಬಹುಮಾನ ಕೊಡಬೇಕು!"

ಕಿಟಕಿಯ ಹತ್ತಿರದ ಗಂಡಸರಲ್ಲಿ ಒಬ್ಬಿಬ್ಬರು ಜಾರಿಕೊಂಡರು. ಮೇಷ್ಟ್ರ ಮುಖ ಕೆಂಪಾಗಿತ್ತು. "ಇದು ವ್ಯಾಕರಣದ ತರಗತಿ ಅಲ್ಲ. ನಿಯಮ ಅಂದರೆ ನಿಯಮ. ಮೂರು ಸಲ ಆಗಿದೆ" ಎಂದರು.

ಆಗ ರುದ್ರಾಣಮ್ಮ ಗೋಡೆ ಹಿಡಿದುಕೊಂಡು ಎದ್ದಳು. "ಹಂಗಾದ್ರೆ ನಂದೂ ಬರ್ಕಳಿ. ನಂದು ಐದು ಸಲ ಹೋಗೈತೆ, ಬಚ್ಚಿಟ್ಕೊಂಡಿದ್ದೆ. ಐದೂ ಸಲ ನಮ್ಮೆಜಮಾನ್ರ ಸಮಾಧಿ ಮೇಲೆ ಸಿಕ್ತು. ಬದುಕಿದ್ದಾಗ ಆಯಪ್ಪನ ಗ್ಯಾನ ನಂಗೆ ಒಂದಿನಾನೂ ಬಂದಿರ್ಲಿಲ್ಲ. ಈಗ ಬತ್ತದೆ, ಏನ್ ಮಾಡ್ಲಿ? ಹೊಡೆದಾಕ್ರಪ್ಪ."

ಯಾರೋ ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದಳು, ತಿಂಗಳ ಹಿಂದೆ ಮಗಳನ್ನು ಕೊಟ್ಟವಳು. ಏನೋ ಹೇಳಲು ಹೋಗಿ, ಹೇಳಲಾರದೆ, ಎದ್ದೇ ನಿಂತಿದ್ದಳು. ಉಳಿದವರು ನೆಲ ನೋಡುತ್ತಿದ್ದರು. ಎಲ್ಲರೂ ಎದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರೇ ಎದ್ದದ್ದು.

"ಬರೆಯಬೇಡ" ಎಂದು ಮೇಷ್ಟ್ರು ಹೆಂಡತಿಗೆ ಹೇಳಿದರು. ಯಾಕೆಂದರೆ ಗಂಗಾಂಬಿಕಮ್ಮ ಮೊದಲ ಪುಟ ತಿರುವಿ ಲೇಖನಿ ಎತ್ತಿದ್ದರು.

"ಬರೆಯಬೇಡ ಎಂದೆ" ಎಂದರು ಮತ್ತೆ.

ಗಂಗಾಂಬಿಕಮ್ಮ ತಲೆಯೆತ್ತದೆ, ನಿಧಾನವಾಗಿ, ದುಂಡಗೆ ಬರೆದರು. ಬರೆದು, ಎಲ್ಲರಿಗೂ ಕೇಳುವ ಹಾಗೆ ಓದಿದರು: "ಅಕ್ಕನ ಮನೆಗೆ." ಆಮೇಲೆ ಇನ್ನೂ ಮೂರು ಸಲ ಬರೆದು, ಮೂರು ಸಲ ಓದಿದರು. ರಿಜಿಸ್ಟರು ಮುಚ್ಚಿ, "ಸಭೆ ಮುಗೀತು. ನಾನು ಅಧ್ಯಕ್ಷೆ ಹೇಳ್ತಿದೀನಿ" ಎಂದರು. ಈ ಸಲ ಕನ್ನಡಕ ತೆಗೆದು ಒರೆಸಿಕೊಳ್ಳಲಿಲ್ಲ. ಮೇಷ್ಟ್ರು ಹೆಂಡತಿಯ ಮುಖವನ್ನು ಮೊದಲ ಸಲ ನೋಡಿದವರ ಹಾಗೆ ನೋಡುತ್ತಾ ನಿಂತರು.

ಮಂಗಳಿ ಚೊಂಬನ್ನು ತೆಗೆದುಕೊಂಡು ಹೊರಗೆ ನಡೆದಳು. ನಾನು ಹಿಂದೆಯೇ ಹೋದೆ, ನಾಲ್ಕು ಹೆಜ್ಜೆ ಅಂತರದಲ್ಲಿ. ಬಟ್ಟೆ ಅಂಗಡಿ ದಾಟಿದೆವು, ಇಸ್ಪೀಟಿನ ಕಟ್ಟೆ ದಾಟಿದೆವು. ಜನ ಜಗಲಿಗಳಿಂದ ನೋಡುತ್ತಿದ್ದರು. ಅವಳು ತಲೆ ತಗ್ಗಿಸಲಿಲ್ಲ. ಅವಳ ಬೀದಿಯ ತಿರುವಿನಲ್ಲಿ ನಿಂತಳು. ಹಿಂತಿರುಗದೆ ಕೇಳಿದಳು.

"ಇದು ಬಂದಾಗ ಒಳಗೆ ನೀರಿತ್ತಾ?"

ಹನ್ನೊಂದು ವರ್ಷದಲ್ಲಿ ಅವಳು ನನಗೆ ಆಡಿದ ಮೊದಲ ಮಾತು. ನಾನು ಸಭೆಯಲ್ಲಿ ಎಲ್ಲವನ್ನೂ ಹೇಳಿರಲಿಲ್ಲ. ನಿಮಗೂ ಹೇಳಿಲ್ಲ.

"ಇತ್ತು."

"ಏನ್ ಮಾಡ್ದೆ?"

"ಕುಡಿದೆ. ಗಂಟಲು ಉರೀತಿತ್ತು. ಯಾರ್ದು ಅಂತ ನೋಡೋಕೆ ಮುಂಚೆ ಪೂರ್ತಿ ಕುಡಿದುಬಿಟ್ಟೆ. ತುಳಸಿ ಎಲೆ ಬಾಯಿಗೆ ಬಂದಾಗ್ಲೇ ಗೊತ್ತಾಗಿದ್ದು."

ಅವಳು ಚೊಂಬನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. ಹೊಡೆಯುತ್ತಾಳೇನೋ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

"ನಾಳೆ ಬೆಳಗ್ಗೆ ಆರಕ್ಕೆ ಹಿಟ್ಟು ಕಲಸಿಟ್ಟಿರ್ತೀನಿ. ನಮ್ಮ ಜಗಲೀ ಮೇಲೇ ಲಟ್ಸೋದು, ಬೀದೀಲಿ ಎಲ್ರೂ ನೋಡೋ ಹಂಗೆ. ಯಾವನು ಬಂದು ಏನು ಬರ್ಕೊಂತಾನೋ ಬರ್ಕೊಳ್ಳಿ" ಎಂದಳು. ಎರಡು ಹೆಜ್ಜೆ ಹೋಗಿ, ಆಗ ತಿರುಗಿ ನನ್ನ ಮುಖ ನೋಡಿದಳು.

"ಕ್ಷಮಿಸಿದೀನಿ ಅಂತ ಅಂದ್ಕೋಬೇಡ. ತೆಳ್ಳಗೆ ಲಟ್ಸಬೇಕು."